ಸದ್ದಿಲ್ಲದ ಕಾಯಿ

"ಕೆಳಗಿಳಿಸಿ ಮಗೀನ. ಅದೇನು ತೆಂಗಿನಕಾಯಾ, ಕಿವಿ ತಾವ ಇಟ್ಕಂಡು ಕುಲುಕಕ್ಕೆ?"

ಚಿಕ್ಕಲಕ್ಷ್ಮಮ್ಮನ ಕೂಗಿಗೆ ಮಕ್ಕಳ ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಿರುಗದವನು ಒಬ್ಬನೇ, ಅವಳ ಗಂಡ ಚನ್ನಪ್ಪ. ಎಂಟು ವರ್ಷದ ಮೊಮ್ಮಗಳು ನಿಸರ್ಗಳ ಕಂಕುಳಿಗೆ ಕೈಕೊಟ್ಟು ಮಂಚದಿಂದ ಮೇಲೆತ್ತಿ, ಅವಳ ಎಡಪಕ್ಕೆಗೆ ತನ್ನ ಬಲಗಿವಿ ಆನಿಸಿ, ಕಣ್ಣು ಮುಚ್ಚಿಕೊಂಡು ನಿಂತಿದ್ದ. ಒಂದು ಸಲ ಕುಲುಕಿದ. ಆಲಿಸಿದ. ಮತ್ತೊಂದು ಸಲ ಕುಲುಕಿದ. ಮಗು ಹಲ್ಲು ಕಚ್ಚಿಕೊಂಡು ಅಜ್ಜಿಯ ಕಡೆ ನೋಡುತ್ತಿತ್ತು. ಜ್ವರಕ್ಕೆ ಅದರ ತುಟಿ ಒಡೆದಿತ್ತು.

"ಸುಮ್ಕಿರಮ್ಮಿ, ಸದ್ದು ಕೇಳ್ಬೇಕು" ಎಂದ ಚನ್ನಪ್ಪ.

"ಮಗು ಉಸ್ರು ಕಟ್ಟಿ ಸಾಯ್ತಾ ಐತೆ, ಸದ್ದು ಕೇಳ್ತಾರಂತೆ ಸದ್ದ."

ಚನ್ನಪ್ಪ ಮಗುವನ್ನು ಮಂಚದ ಮೇಲೆ ಇಳಿಸಿ, ಹೆಗಲ ಮೇಲಿನ ಟವಲು ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡ. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯಲ್ಲಿ ಗುಡ್ಡೆಯ ಮುಂದೆ ನಿಂತು ತೀರ್ಪು ಹೇಳುವ ಮುಂಚೆಯೂ ಅವನು ಹೀಗೇ ಟವಲು ಕೊಡವುತ್ತಿದ್ದ. ಹೆಂಡತಿಯ ಕಡೆ ನೋಡಲಿಲ್ಲ. ಮಗ ಅನಿಲ್‌ಕುಮಾರನ ಕಡೆಗೂ, ಊರಿನಿಂದ ಜೊತೆಗೆ ಬಂದಿದ್ದ ಬೋರಪ್ಪ, ಶಿವಯ್ಯರ ಕಡೆಗೂ ನೋಡಿ ಹೇಳಿದ:

"ನೀರು ಬತ್ತೋಗೈತೆ. ಕೊಯ್ಯೋದೂ ಬ್ಯಾಡ, ತೂತು ಹಾಕೋದೂ ಬ್ಯಾಡ. ಬಟ್ಟೆಬರೆ ಕಟ್ಕಳಿ, ಐದು ಗಂಟೆ ಬಸ್ಸಿಗೆ ಊರಿಗೋಗನ."

ಅನಿಲ್ "ಆಯ್ತಪ್ಪ" ಎಂದು ಬಗ್ಗಿ ಮಂಚದ ಕೆಳಗಿನ ಚೀಲಕ್ಕೆ ಕೈ ಹಾಕಿದ. ಅವನ ಹೆಂಡತಿ ಆಶಾರಾಣಿ ಮಗಳನ್ನು ತೊಡೆಗೆ ಒರಗಿಸಿಕೊಂಡು ಅತ್ತೆಯ ಮುಖ ನೋಡಿದಳು. ಆ ಚೀಲ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಚಿಕ್ಕಲಕ್ಷ್ಮಮ್ಮ ಹೇಳಿದ ಮೇಲೆ ಅನಿಲ್ ಕೈ ವಾಪಸ್ಸು ತೆಗೆದುಕೊಂಡ. ಅಪ್ಪ ಹೇಳಿದರೆ ಕೈ ಹಾಕುವವನು, ಅವ್ವ ಹೇಳಿದರೆ ಕೈ ತೆಗೆಯುವವನು. ಮೂವತ್ತನಾಲ್ಕು ವರ್ಷವಾದರೂ ಅವನ ಕೈ ಅವನದಾಗಿರಲಿಲ್ಲ. ಇಂಥವನನ್ನು ಹೆತ್ತು ಸಾಕಿದ್ದು ತಾನೇ ಎಂಬುದು ನೆನಪಾದಾಗಲೆಲ್ಲ ಚಿಕ್ಕಲಕ್ಷ್ಮಮ್ಮನಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಚನ್ನಪ್ಪನ ಕಿವಿಯ ಕತೆ ಸುತ್ತ ಹತ್ತೂರಿಗೆ ಗೊತ್ತು. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಬತ್ತಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಬೇಕು. ಈ ಕೆಲಸ ಮಕ್ಕಳಿಗೂ ಬರುತ್ತದೆ. ಆದರೆ ಚನ್ನಪ್ಪ ಕುಲುಕಿದರೆ ಮಾತ್ರ ಅದು ವಿದ್ಯೆ. ಅವನು ಕಣ್ಣು ಮುಚ್ಚುತ್ತಾನೆ, ತಲೆ ಓರೆ ಮಾಡುತ್ತಾನೆ, ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಾರೆ. ಅಟ್ಟ ಇಳಿಸುವ ದಿನ ಅವನನ್ನು ಕರೆಸದ ಮನೆ ಊರಲ್ಲಿ ಇರಲಿಲ್ಲ. ಕರೆಸಿದವರು ಕುರ್ಚಿ ಹಾಕಿ ಕೂರಿಸಿ, ಎಲೆ ಅಡಿಕೆ ಕೊಟ್ಟು, ನಿಮ್ಮ ಕಿವಿಯಂಥ ಕಿವಿ ಇನ್ನೊಂದಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಮನೆಗೆ ಬಂದ ಮೇಲೂ ಅವನು ಆ ಕುರ್ಚಿಯಿಂದ ಇಳಿಯುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಚಿಕ್ಕಲಕ್ಷ್ಮಮ್ಮ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದಳು. ಇದ್ದಳು ಕೂಡ. ಕೆಟ್ಟದ್ದು ಶುರುವಾದದ್ದು ಒಂದು ತಿಂಗಳ ಹಿಂದೆ. ನಿಸರ್ಗಳಿಗೆ ಕೆಮ್ಮು, ಜ್ವರ ಬಂದು ಹತ್ತು ದಿನವಾದರೂ ಬಿಡದೆ ಮಗು ಮೇಲುಸಿರು ಬಿಡುತ್ತಿದ್ದಾಗ, ಚನ್ನಪ್ಪ ಜಗಲಿಯ ಮೇಲೆ ಅದನ್ನು ಎತ್ತಿ ಕುಲುಕಿ, ಎದೆಗೆ ಕಿವಿ ಕೊಟ್ಟು, ಒಳಗೆ ನೀರಿದೆ ಎಂದುಬಿಟ್ಟ. ಹಾಸನದ ಆಸ್ಪತ್ರೆಗೆ ಕರೆತಂದು ಎಕ್ಸ್-ರೇ ತೆಗೆಸಿದರೆ ನಿಜವಾಗಿಯೂ ನೀರಿತ್ತು. ನ್ಯುಮೋನಿಯಾ ಆಗಿ ಎಡಗಡೆ ಶ್ವಾಸಕೋಶದ ಸುತ್ತ ಕೀವಿನ ನೀರೂ ಗಾಳಿಯೂ ಸೇರಿದ್ದವು. ಮಕ್ಕಳ ಶಸ್ತ್ರಚಿಕಿತ್ಸೆಯ ಡಾಕ್ಟರು ಜಿನಶ್ರೀ ಒಂದು ಒಳ್ಳೆಯ ಮಾತಾಡಲೆಂದು, ನೀರು ಗಾಳಿ ಎರಡೂ ಇದ್ದರೆ ಹೀಗೆ ಕುಲುಕಿದಾಗ ಸದ್ದು ಕೇಳುವುದುಂಟು, ಹಳೇ ಕಾಲದ ವೈದ್ಯರೂ ಹೀಗೇ ನೋಡುತ್ತಿದ್ದರು ಎಂದು ಹೇಳಿದಳು. ಆ ಮಾತನ್ನು ಅವಳು ಹೇಳಬಾರದಿತ್ತು. ಅವತ್ತಿನಿಂದ ಚನ್ನಪ್ಪ ಮನುಷ್ಯರ ನಡುವೆ ಇರಲಿಲ್ಲ. ಹಾಸನದ ಡಾಕ್ಟರೇ ಒಪ್ಪಿದ ಕಿವಿ ಎಂದು ಬೋರಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಾರಿದ. ಕೆಮ್ಮು ಬಂದ ಮಕ್ಕಳನ್ನು ಎತ್ತಿಕೊಂಡು ನಾಲ್ಕಾರು ತಾಯಂದಿರು ಮನೆ ಬಾಗಿಲಿಗೇ ಬಂದರು. ಅವನು ಆ ಮಕ್ಕಳನ್ನೂ ಕುಲುಕಿದ.

ಆ ಮೊದಲ ಸಲ ಡಾಕ್ಟರು ಮಗುವಿನ ಪಕ್ಕೆಗೆ ಒಂದು ಕೊಳವೆ ಹಾಕಿ ಕೀವು ಇಳಿಸಿದ್ದರು. ಇನ್ನೂ ಒಂದು ವಾರ ಇರಬೇಕು, ಇಂಜೆಕ್ಷನ್ ಮುಗಿಯಬೇಕು ಎಂದಿದ್ದರು. ಐದನೆಯ ದಿನ ಚನ್ನಪ್ಪ ಬಂದು ಮಗುವನ್ನು ಕುಲುಕಿ, ಸದ್ದು ನಿಂತಿದೆ ಎಂದು ಹೇಳಿ, ಡಾಕ್ಟರು ಬೇಡವೆಂದರೂ ಕೇಳದೆ ಮನೆಗೆ ಹೊರಡಿಸಿದ. ಅನಿಲ್ ನಮ್ಮ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಬರೆದುಕೊಟ್ಟ. ಜವಾಬ್ದಾರಿ ಎಂಬ ಪದವನ್ನು ಅವನು ಬರೆದದ್ದು ಅದೇ ಮೊದಲು.

ಎರಡು ವಾರಕ್ಕೆ ಜ್ವರ ಮರಳಿತು. ಸಂಜೆಯಾದರೆ ಮೈ ಸುಡುತ್ತಿತ್ತು. ಮಗು ಎಡಕ್ಕೆ ವಾಲಿ ನಡೆಯತೊಡಗಿತು, ಒಂದು ಭುಜ ಕೆಳಗೆ, ಒಂದು ಮೇಲೆ. ಚನ್ನಪ್ಪ ಕೊಬ್ಬರಿ ಸಾಗಿಸಲು ತಿಪಟೂರಿಗೆ ಹೋಗಿದ್ದ ದಿನ ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ಹಾಸನದ ಬಸ್ಸು ಹತ್ತಿದ್ದರು.

ಸುದ್ದಿ ತಿಳಿದು ಗಂಡಸರೂ ಹಿಂದೆಯೇ ಬಂದಿದ್ದರು. ಈ ದಿನ ಬೆಳಿಗ್ಗೆ ಜಿನಶ್ರೀ ಸ್ಕ್ಯಾನಿನ ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರಿಗೂ ತಿಳಿಯುವಂತೆ ಹೇಳಿದ್ದಳು. ಕೀವು ಈಗ ನೀರಾಗಿಲ್ಲ, ಹೆಪ್ಪುಗಟ್ಟಿದೆ. ಶ್ವಾಸಕೋಶದ ಸುತ್ತ ಸಿಪ್ಪೆ ಕಟ್ಟಿ ಅದನ್ನು ಮುದುರಿಸಿ ಹಿಡಿದುಕೊಂಡಿದೆ. ಕೊಳವೆ ಹಾಕಿದರೆ ಏನೂ ಇಳಿಯುವುದಿಲ್ಲ. ಪಕ್ಕೆಯಲ್ಲಿ ಮೂರು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಬಿಟ್ಟು, ಇನ್ನೆರಡರಲ್ಲಿ ಇಕ್ಕಳದಂಥ ಸಾಮಾನು ಬಿಟ್ಟು, ಆ ಸಿಪ್ಪೆಯನ್ನು ಸುಲಿದು ತೆಗೆಯಬೇಕು. ನಾಳೆ ಬೆಳಿಗ್ಗೆಯೇ ಆಗಬೇಕು. ಇನ್ನೂ ಒಂದೆರಡು ವಾರ ಬಿಟ್ಟರೆ ಸಿಪ್ಪೆ ಚಕ್ಕಳವಾಗುತ್ತದೆ, ಆಗ ತೂತಿನಲ್ಲಿ ಆಗುವುದಿಲ್ಲ, ಪಕ್ಕೆಲುಬು ಬಿಡಿಸಿ ಎದೆಯನ್ನೇ ತೆರೆಯಬೇಕಾಗುತ್ತದೆ, ಶ್ವಾಸಕೋಶ ಪೂರ್ತಿ ಅರಳುತ್ತದೆಂದು ಹೇಳಲೂ ಆಗುವುದಿಲ್ಲ. ಸಂಜೆಯೊಳಗೆ ತಂದೆ ತಾಯಿ ಸಹಿ ಹಾಕಬೇಕು.

ಇದನ್ನೆಲ್ಲ ಕೇಳಿ ಬೋರಪ್ಪನಿಗೆ ಹುಟ್ಟಿದ ಸಂದೇಹ ಒಂದೇ. ಕ್ಯಾಮೆರಾ ಅಂದರೆ ವಿಡಿಯೋ ಬರುತ್ತದಾ, ಹೆಣ್ಣುಮಗೀನ ಎದೆ ಫೋನಿನಲ್ಲಿ ಓಡಾಡಿದರೆ ನಾಳೆ ಯಾರು ಹೊಣೆ ಎಂದು ಕೇಳಿದ. ಜಿನಶ್ರೀ ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಒಳಗಿನ ಶ್ವಾಸಕೋಶ ನೋಡಿ ಗುರುತು ಹಿಡಿಯುವಷ್ಟು ಜಾಣರು ನಿಮ್ಮೂರಲ್ಲಿ ಇದ್ದಾರಾ ಎಂದಳು. ಚಿಕ್ಕಲಕ್ಷ್ಮಮ್ಮನಿಗೆ ಆ ಹುಡುಗಿ ಹಿಡಿಸಿದ್ದು ಆಗಲೇ. ಅದಕ್ಕೂ ಮುಂಚೆ, ಕಡ್ಡಿ ಹಾಗಿರುವ ಇವಳು ಏನು ಆಪರೇಷನ್ ಮಾಡಿಯಾಳು ಎಂದುಕೊಂಡಿದ್ದಳು.

ಈಗ ಸಹಿಯ ಕಾಗದ ಹಿಡಿದುಕೊಂಡು ಜಿನಶ್ರೀ ಮತ್ತೆ ಬಂದಳು. ಚೀಲ ಮಂಚದ ಕೆಳಗಿನಿಂದ ಅರ್ಧ ಹೊರಗೆ ಬಂದಿರುವುದನ್ನು ನೋಡಿ, ಏನು ಸಮಾಚಾರ ಎಂದು ಕೇಳಿದಳು. ಚನ್ನಪ್ಪ ತನ್ನ ತೀರ್ಪನ್ನು ಅವಳಿಗೂ ಹೇಳಿದ. ಬಹಳ ತಾಳ್ಮೆಯಿಂದ, ಹೊಸದಾಗಿ ಮಂಡಿಗೆ ಬಂದವರಿಗೆ ಹೇಳುವಂತೆ ಹೇಳಿದ. ಹೋದ ಸಲ ಕುಳುಕ್ ಅನ್ನುತ್ತಿತ್ತು. ಈಗ ಅನ್ನುತ್ತಿಲ್ಲ. ಆದ್ದರಿಂದ ಬತ್ತಿದೆ. ನೀವೇ ಒಪ್ಪಿದ್ದಿರಲ್ಲ ತಾಯಿ ಎಂದ.

"ಸದ್ದಿಲ್ಲ ಅಂದ್ರೆ ಒಣಗಿದೆ ಅಂತಲ್ಲ ಯಜಮಾನ್ರೇ" ಎಂದಳು ಜಿನಶ್ರೀ. "ಗಟ್ಟಿಯಾಗಿದೆ ಅಂತ. ಹಾಲು ಹೆಪ್ಪಾದ ಮೇಲೆ ಗಡಿಗೆ ಅಲ್ಲಾಡಿಸಿದ್ರೆ ಸದ್ದು ಬರುತ್ತಾ?"

ಚನ್ನಪ್ಪ ಬೋರಪ್ಪನ ಕಡೆ ನೋಡಿ ಮುಗುಳ್ನಕ್ಕ. ಬೋರಪ್ಪ ಶಿವಯ್ಯನ ಕಡೆ ನೋಡಿ ಮುಗುಳ್ನಕ್ಕ. ಶಿವಯ್ಯನಿಗೆ ನಗಲು ಯಾರೂ ಉಳಿದಿರಲಿಲ್ಲ, ಅವನು ಗೋಡೆಯ ಕಡೆ ನೋಡಿ ನಕ್ಕ. ಓದಿದವರಿಗೆ ಪುಸ್ತಕ ಗೊತ್ತು, ಸದ್ದು ಗೊತ್ತಿಲ್ಲ ಎಂಬುದು ಆ ಮೂರು ನಗುವಿನ ಅರ್ಥ.

ಆದರೆ ಆ ಮಾತು ಚಿಕ್ಕಲಕ್ಷ್ಮಮ್ಮನಿಗೆ ಬೇರೆಡೆ ಹೋಗಿ ತಾಗಿತ್ತು. ಸದ್ದು ಮಾಡದ ಕಾಯಿ ಎಂಥದು ಎಂದು ಅವಳಷ್ಟು ಚೆನ್ನಾಗಿ ತಿಳಿದವರು ಆ ವಾರ್ಡಿನಲ್ಲಿರಲಿ, ಇಡೀ ತಾಲ್ಲೂಕಿನಲ್ಲೇ ಕಡಿಮೆ. ಕುಲುಕಿ ಹೇಳುವವನು ಚನ್ನಪ್ಪ. ಅವನು ಹೇಳಿ ಟವಲು ಕೊಡವಿ ಎದ್ದು ಹೋದ ಮೇಲೆ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಯಿಯ ಚಿಪ್ಪು ಒಡೆದು, ಉಂಡೆಗೆ ಏಟು ಬೀಳದ ಹಾಗೆ ಬಿಡಿಸುವವಳು ಅವಳು. ಅವನ ಕಿವಿಗೆ ಹೆಸರು ಬಂದಾಗಿನಿಂದ ಇಪ್ಪತ್ತೆಂಟು ವರ್ಷ ಒಡೆದಿದ್ದಳು. ಬೆರಳ ಗಿಣ್ಣುಗಳೆಲ್ಲ ಅದಕ್ಕೇ ಸೊಟ್ಟಗಾಗಿದ್ದವು.

ಅವಳು ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದಳು.

"ಒಳಗಿರೋದು ನಾರ್ತದಾ, ತಾಯಿ?"

ನಾರಬಹುದು ಎಂದಳು ಜಿನಶ್ರೀ. ಹೋದ ಸಲ ಬಾಟಲಿಯಲ್ಲಿ ಇಳಿದದ್ದೂ ನಾರುತ್ತಿತ್ತು ಎಂದು ಆಶಾರಾಣಿ ಮೆಲ್ಲಗೆ ಹೇಳಿದಳು.

ಚಿಕ್ಕಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. ಜನರ ಎದುರು ಅವಳು ಅವನನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸಿದವಳಲ್ಲ.

"ಇಪ್ಪತ್ತೆಂಟು ವರ್ಸ ನೀನು ಕುಲುಕಿದ್ ಕಾಯ ನಾನು ಒಡ್ದಿದ್ದೀನಿ. ನೀರಿದ್ರೆ ಕುಳುಕ್ ಅಂತದೆ. ಒಣಗಿದ್ರೆ ಒಳಗಡೆ ಉಂಡೆ ಗಟಗಟ ಅಂತದೆ. ಎರಡೂ ಇಲ್ದೆ ಸುಮ್ಕಿರ್ತದಲ್ಲ, ಅದು ಕೊಳ್ತಿರೋ ಕಾಯಿ. ಲೋಳೆ ಕಟ್ಕಂಡು ಚಿಪ್ಪಿಗೆ ಅಂಟ್ಕಂಡಿರ್ತದೆ. ನೀನು ಅದ್ನೂ ಒಣಗೈತೆ ಅಂತ್ಲೇ ಒಣಗಿದ್ ಗುಡ್ಡೆಗೆ ಎಸೀತಿದ್ದೆ. ಒಂದಲ್ಲ, ಎರಡಲ್ಲ. ಅಟ್ಟ ಇಳಿಸ್ದಾಗ್ಲೆಲ್ಲ ಮಂಕ್ರಿ ತುಂಬ. ನಾತ ಕುಡ್ದಿದ್ದು ನಾನು, ತಿಪ್ಪೆ ತೋಡಿ ಮುಚ್ಚಿದ್ದು ನಾನು. ನಿನ್ ಕಿವಿ ಮರ್ವಾದೆ ಉಳೀಲಿ ಅಂತ ಬಾಯಿ ಬಿಡ್ನಿಲ್ಲ. ಕಾಯಾದ್ರೆ ಮುಚ್ಬೋದು. ಈ ಮಗೀನ ಎಲ್ಲಿ ಮುಚ್ಲಿ, ಹೇಳು."

ಪಕ್ಕದ ಮಂಚದ ಹೆಂಗಸು ತನ್ನ ಮಗುವಿಗೆ ತಿನ್ನಿಸುತ್ತಿದ್ದ ಇಡ್ಲಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಶಿವಯ್ಯ ಫ್ಯಾನು ನೋಡತೊಡಗಿದ. ಚನ್ನಪ್ಪನ ಕಿವಿ ಕೆಂಪಾಯಿತು, ಅದೇ ಬಲಗಿವಿ. ಅವನು ಟವಲು ಕೊಡವಲಿಲ್ಲ. ಹೆಂಗಸರಿಗೆ ಹೆದರಿಕೆಯಾದರೆ ನಾಲಿಗೆ ನಿಲ್ಲುವುದಿಲ್ಲ ಎಂದು ಡಾಕ್ಟರಿಗೆ ಹೇಳಿ, ಕಾಫಿ ಕುಡಿದು ಬರುತ್ತೇನೆ ಎಂದು ಹೊರಟ. ಬಾಲದ ಹಾಗೆ ಇನ್ನಿಬ್ಬರೂ ಹೊರಟರು. ಕಾಫಿ ಕುಡಿದರೋ ಬಿಟ್ಟರೋ, ಐದು ಗಂಟೆಯ ಬಸ್ಸಿನಲ್ಲಿ ಮೂವರೂ ಊರ ದಾರಿಯಲ್ಲಿ ಶಾಂತಿಗ್ರಾಮ ದಾಟಿದ್ದನ್ನು ಅನಿಲನಿಗೆ ಯಾರೋ ಫೋನು ಮಾಡಿ ಹೇಳಿದರು.

ಅಷ್ಟು ಹೊತ್ತೂ ಡಾಕ್ಟರು ಕೊಟ್ಟ ಸಹಿಯ ಕಾಗದ ಅನಿಲನ ಕೈಯಲ್ಲೇ ಇತ್ತು. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ, ಹಾಕುತ್ತಿದ್ದ.

"ಅವ್ವ, ಅಪ್ಪನ್ನ ಫೋನಲ್ಲಿ ಒಂದ್ ಮಾತು ಕೇಳ್ಬುಡನಾ?"

"ಕೇಳು. ಮಗ್ಳು ಸತ್ರೆ ಎಲ್ಲಿ ಹೂಳ್ಬೇಕು ಅಂತ್ಲೂ ಕೇಳ್ಬುಡು. ಒಂದೇ ಫೋನಲ್ಲಿ ಆಗೋಗ್ಲಿ."

ಆಶಾರಾಣಿ ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡು ಮೊದಲು ತನ್ನ ಹೆಸರು ಬರೆದಳು. ಅದನ್ನು ನೋಡಿ ಅವನೂ ಅವಳ ಹೆಸರಿನ ಕೆಳಗೆ ಬರೆದ. ಆಮೇಲೆ ವರಾಂಡಕ್ಕೆ ಹೋಗಿ, ಗೋಡೆಗೆ ಮುಖ ಮಾಡಿ ಫೋನಿನಲ್ಲಿ, ನಾನಲ್ಲಪ್ಪ, ಇವರಿಬ್ಬರೂ ಸೇರಿಕೊಂಡು ಹಾಕಿಸಿಬಿಟ್ಟರು ಎಂದು ಹೇಳುತ್ತಿರುವುದು ಚಿಕ್ಕಲಕ್ಷ್ಮಮ್ಮನಿಗೆ ಕೇಳಿಸಿತು. ಕೇಳಿಸಲಿ ಎಂದೇ ಅವಳು ಆ ಕಡೆ ಹೋಗಿದ್ದಳು. ಇವನ ಬಗ್ಗೆ ಉಳಿದಿದ್ದ ಒಂದು ಹಿಡಿ ಆಸೆಯೂ ಅಲ್ಲಿಗೆ ಮುಗಿಯಿತು.

ಮರುದಿನ ಎಂಟು ಗಂಟೆಗೆ ಮಗುವನ್ನು ಒಳಗೆ ಕರೆದುಕೊಂಡು ಹೋದರು. ಹಸಿರು ಟೋಪಿ ಹಾಕಿಸಿಕೊಂಡು ತಳ್ಳುಗಾಡಿಯ ಮೇಲೆ ಮಲಗಿದ ನಿಸರ್ಗ, ಒಳಗೆ ಕತ್ತಲೆ ಇರುತ್ತದಲ್ಲ, ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೆ ಎಂದು ಅಜ್ಜಿಯನ್ನು ಕೇಳಿತು. ಲೈಟು ಬಿಟ್ಟುಕೊಂಡು ಹೋಗುತ್ತಾರಂತೆ ಎಂದಳು ಅಜ್ಜಿ. ಮಗುವಿಗೆ ಸಮಾಧಾನವಾಯಿತು. ವಿಡಿಯೋ, ಫೋನು, ಮರ್ಯಾದೆ ಎಂದು ಬಡಬಡಿಸಿದ ಬೋರಪ್ಪನ ತಲೆಗಿಂತ ಎಂಟು ವರ್ಷದ ತಲೆಯೇ ವಾಸಿ ಎಂದುಕೊಂಡಳು ಚಿಕ್ಕಲಕ್ಷ್ಮಮ್ಮ.

ಎರಡೂವರೆ ಗಂಟೆ ಹೊರಗೆ ಕಬ್ಬಿಣದ ಕುರ್ಚಿಯಲ್ಲಿ ಕೂತರು. ಆಶಾರಾಣಿ ದೇವರ ಹೆಸರು ಹೇಳುತ್ತಿದ್ದಳು. ಅನಿಲ್ ಫೋನು ಒತ್ತುತ್ತಿದ್ದ. ಚಿಕ್ಕಲಕ್ಷ್ಮಮ್ಮ ಬಾಗಿಲನ್ನು ನೋಡುತ್ತ ಸುಮ್ಮನೆ ಕೂತಿದ್ದಳು. ಅವಳ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ಸೊಸೆ ಮದುವೆಯಾಗಿ ಬಂದ ಮೇಲೆ ಕಂಡದ್ದು ಅದೊಂದೇ ಸಲ.

ಜಿನಶ್ರೀ ಹೊರಗೆ ಬಂದು ಒಂದು ಸ್ಟೀಲಿನ ಬಟ್ಟಲು ತೋರಿಸಿದಳು. ಒಳಗೆ ಬಿಳಚಿಕೊಂಡ ಹಳದಿ ತುಂಡುಗಳು, ಒದ್ದೆ ಚರ್ಮದ ಹಾಗೆ ಸುಕ್ಕಾಗಿದ್ದವು. ಮಗುವಿನ ಎದೆಯೊಳಗಿದ್ದ ಸಿಪ್ಪೆ ಇದೇ ಎಂದಳು. ಸುಲಿದು ತೆಗೆದ ಮೇಲೆ ಮುದುರಿದ್ದ ಶ್ವಾಸಕೋಶ ಕಣ್ಣೆದುರಿಗೇ ಉಬ್ಬಿ ಪಕ್ಕೆಗೆ ತಾಗಿತು, ಸರಿಯಾದ ಹೊತ್ತಿಗೆ ಒಪ್ಪಿದಿರಿ ಎಂದಳು. ಆಶಾರಾಣಿ ಗೊಳೋ ಎಂದು ಅತ್ತಳು. ಅನಿಲ್ ಬಟ್ಟಲಿನಲ್ಲಿ ಇಣುಕಿ ಮುಖ ತಿರುಗಿಸಿದ. ಚಿಕ್ಕಲಕ್ಷ್ಮಮ್ಮ ಮೂಗು ಹತ್ತಿರ ಒಯ್ದು ಮೂಸಿದಳು.

"ಇದ್ನ ಒಂದ್ ಕವರಿಗೆ ಆಕ್ಕೊಡು ತಾಯಿ. ಊರಲ್ಲಿ ಒಬ್ರಿಗೆ ತೋರಿಸ್ಬೇಕು."

ಅದು ಪರೀಕ್ಷೆಗೆ ಹೋಗಬೇಕು, ಕೊಡಲು ಬರುವುದಿಲ್ಲ ಎಂದು ನಕ್ಕಳು ಜಿನಶ್ರೀ. ಮುದುಕಿ ತಮಾಷೆ ಮಾಡುತ್ತಿಲ್ಲವೆಂದು ಅವಳಿಗೆ ತಿಳಿಯಲಿಲ್ಲ.

ಆಮೇಲಿನ ಆರು ದಿನ ಆಸ್ಪತ್ರೆಯಲ್ಲಿ ಅಂಥ ಕಷ್ಟವೇನೂ ಆಗಲಿಲ್ಲ. ಪಕ್ಕೆಯಿಂದ ಬಂದ ಕೊಳವೆ ಮಂಚದ ಕೆಳಗಿನ ಬಾಟಲಿಗೆ ಇಳಿದಿತ್ತು, ಮಗು ಕೆಮ್ಮಿದರೆ ಅದರಲ್ಲಿ ಗುಳ್ಳೆ ಏಳುತ್ತಿದ್ದವು. ಮೂರನೆಯ ದಿನ ಗುಳ್ಳೆ ನಿಂತವು, ನಾಲ್ಕನೆಯ ದಿನ ಕೊಳವೆ ತೆಗೆದರು. ಸಂಜೆಯ ಜ್ವರ ಬರಲಿಲ್ಲ. ಮೂರು ಗುಂಡುಗಳಿರುವ ಪ್ಲಾಸ್ಟಿಕ್ಕಿನ ಒಂದು ಸಾಮಾನು ಕೊಟ್ಟಿದ್ದರು, ಅದರ ಕೊಳವೆ ಬಾಯಿಗಿಟ್ಟು ಉಸಿರೆಳೆದರೆ ಗುಂಡುಗಳು ಮೇಲೇಳಬೇಕು. ಮೊದಲ ದಿನ ನಿಸರ್ಗ ಒಂದು ಗುಂಡನ್ನೂ ಎಬ್ಬಿಸಲಾರದೆ ಅತ್ತಿತು. ಹೋಗುವ ಹೊತ್ತಿಗೆ ಎರಡು ಎಬ್ಬಿಸುತ್ತಿತ್ತು. ಡಾಕ್ಟರು ಹೊರಡಿಸುವಾಗ ಎಲ್ಲವನ್ನೂ ಬರೆದುಕೊಟ್ಟರು. ದಿನಕ್ಕೆ ಆರು ಸಲ ಗುಂಡು ಎಬ್ಬಿಸಬೇಕು, ಕನ್ನಡಿಯ ಮುಂದೆ ಎರಡು ಭುಜ ಸಮ ಮಾಡಿ ನಿಲ್ಲಿಸಬೇಕು, ಬರುವ ಸೋಮವಾರ ಎಕ್ಸ್-ರೇಗೆ ಬರಬೇಕು, ಆಮೇಲೆ ತಿಂಗಳಿಗೊಂದು, ಮೂರು ತಿಂಗಳಿಗೊಂದು. ಇದನ್ನು ಬಿಟ್ಟರೆ ಶ್ವಾಸಕೋಶ ಮತ್ತೆ ಮುದುರಿಕೊಳ್ಳುತ್ತದೆ, ಬೆನ್ನು ಸೊಟ್ಟಗಾಗುತ್ತದೆ ಎಂದು ಜಿನಶ್ರೀ ಮೂರು ಸಲ ಹೇಳಿದಳು. ಮೂರು ಸಲವೂ ಅನಿಲನನ್ನು ಬಿಟ್ಟು ಚಿಕ್ಕಲಕ್ಷ್ಮಮ್ಮನನ್ನು ನೋಡಿ ಹೇಳಿದಳು.

ಊರಿಗೆ ಬಂದಾಗ ಚನ್ನಪ್ಪ ಜಗಲಿಯ ಮೇಲೆಯೇ ಇದ್ದ. ಬೋರಪ್ಪ, ಶಿವಯ್ಯ ಅಲ್ಲದೆ ಇನ್ನೂ ಏಳೆಂಟು ಜನ ಇದ್ದರು. ಮಗು ಹೇಗಿದೆ ಎಂದು ಕೇಳುವ ಮೊದಲು, ಎಲ್ಲಿ, ಗಾಯ ತೋರಿಸಿ ಎಂದ ಚನ್ನಪ್ಪ. ಆಶಾರಾಣಿ ಮಗಳ ಅಂಗಿಯನ್ನು ಪಕ್ಕೆಯ ಕಡೆ ಸ್ವಲ್ಪ ಎತ್ತಿದಳು. ಮೂರು ಚುಕ್ಕೆಗಳಿದ್ದವು. ಒಂದೊಂದೂ ಉಗುರಿನಷ್ಟು, ಒಣಗಿ ಕಪ್ಪಗಾಗಿದ್ದವು.

ಜಗಲಿಯ ಮೇಲಿದ್ದವರೆಲ್ಲ ಕತ್ತು ಚಾಚಿದರು. ಆಮೇಲೆ ಚನ್ನಪ್ಪ ಬಗ್ಗಿ ನೋಡಿ, ಬೆರಳಿನಿಂದ ಎಣಿಸಿ, ಎದ್ದು ನಿಂತ.

"ಇಷ್ಟೇಯಾ?"

ಅಷ್ಟೇ ಸಾಕಾಯಿತು. ಬೋರಪ್ಪ ತನ್ನ ಅಂಗಿ ಎತ್ತಿ, ಪಂಚೆ ಸಡಿಲಿಸಿ, ಹೊಟ್ಟೆಯ ಬಲಗಡೆ ಗೇಣುದ್ದದ ಗಾಯದ ಗುರುತನ್ನು ಎಲ್ಲರಿಗೂ ತೋರಿಸಿದ. ಹದಿನೈದು ವರ್ಷದ ಹಿಂದೆ ಹೊಳೆನರಸೀಪುರದಲ್ಲಿ ಕೊಯ್ಸಿಕೊಂಡದ್ದು. ಹನ್ನೊಂದು ಹೊಲಿಗೆ.

"ಆಪರೇಸನ್ ಅಂದ್ರೆ ಇದು" ಎಂದ.

ಒಬ್ಬೊಬ್ಬರಾಗಿ ತಮ್ಮ ತಮ್ಮ ಗಾಯ ತೆಗೆದರು. ಒಬ್ಬನಿಗೆ ಹದಿನಾಲ್ಕು ಹೊಲಿಗೆ, ಇನ್ನೊಬ್ಬನ ಬಾಮೈದನಿಗೆ ಇಪ್ಪತ್ತೆರಡು. ಶಿವಯ್ಯನಿಗೆ ಆಪರೇಷನ್ನೇ ಆಗಿರಲಿಲ್ಲ, ಅವನು ಸೈಕಲ್ಲಿನಿಂದ ಬಿದ್ದ ಮೊಣಕಾಲು ತೋರಿಸಿದ. ಎದೆಯೊಳಗಿಂದ ಏನಾದರೂ ತೆಗೆಯಬೇಕಾದರೆ ಇಲ್ಲಿಂದ ಇಲ್ಲಿಗೆ ಕೊಯ್ಯಬೇಕು ಎಂದು ಚನ್ನಪ್ಪ ಶಿವಯ್ಯನ ಎದೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಇವರು ತೂತು ಹಾಕಿ ಇಣುಕಿದ್ದಾರೆ, ಒಳಗೆ ಏನೂ ಕಂಡಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗಿ ಮುಚ್ಚಿ ಕಳಿಸಿದ್ದಾರೆ. ಬತ್ತಿದೆ ಎಂದು ನಾನು ಅವತ್ತೇ ಹೇಳಿದ್ದೆ. ಎಲ್ಲರೂ ತಲೆದೂಗಿದರು.

ಚಿಕ್ಕಲಕ್ಷ್ಮಮ್ಮ ಬಟ್ಟಲಿನಲ್ಲಿ ಕಂಡದ್ದನ್ನು ಹೇಳಿದಳು. ಕವರಿನಲ್ಲಿ ಯಾಕೆ ತರಲಿಲ್ಲ ಎಂದು ಬೋರಪ್ಪ ಕೇಳಿದ. ಆಸ್ಪತ್ರೆಯಲ್ಲಿ ತಾನು ಗಂಡನಿಗೆ ಹೇಳಿದ ಮಾತನ್ನು ಈ ಇಬ್ಬರೂ ಕಿವಿಯಾರೆ ಕೇಳಿದ್ದರಲ್ಲ ಎಂದಳು. ಶಿವಯ್ಯ, ಅತ್ತಿಗೆ ಅವತ್ತು ಮಗೀನ ಸಂಕಟಕ್ಕೆ ಏನೇನೋ ಅಂದುಬಿಟ್ಟರು, ನಾವು ಮನಸ್ಸಿಗೆ ಹಾಕಿಕೊಂಡಿಲ್ಲ ಬಿಡಿ ಎಂದ. ಇಪ್ಪತ್ತೆಂಟು ವರ್ಷ ಮುಚ್ಚಿಟ್ಟದ್ದನ್ನು ಒಂದು ಸಲ ಬಿಚ್ಚಿಟ್ಟರೆ, ಈ ಇಬ್ಬರು ಬಸ್ಸಿನಲ್ಲಿ ಬರುವಷ್ಟರಲ್ಲಿ ಮತ್ತೆ ಮಣ್ಣು ಎಳೆದು ಮುಚ್ಚಿದ್ದರು. ದೊಡ್ಡ ಗಾಯ ಮಾಡಿಸಿಕೊಂಡು ಬಂದಿದ್ದರೆ ಮಗುವಿನ ನೋವನ್ನು ಈ ಗಂಡಸರು ನಂಬುತ್ತಿದ್ದರು. ನೋವಾಗದ ಹಾಗೆ ಮಾಡಿ ಕಳಿಸಿದ್ದೇ ಆ ಡಾಕ್ಟರ ತಪ್ಪು.

ಅವಳು ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆ ಗುರುತು ಹಾಕಿದಳು. ಜಗಳ ಮುಂದುವರಿಸಲಿಲ್ಲ. ನಾಲ್ಕು ದಿನ ಹಾಗೂ ಹೀಗೂ ಕಳೆಯಿತು. ಜಗಲಿಯ ಮೇಲೆ ದಿನಾ ಹೊಸಬರು ಬರುತ್ತಿದ್ದರು, ಮಗುವಿನ ಅಂಗಿ ದಿನಾ ಎತ್ತಿ ತೋರಿಸಬೇಕಾಗುತ್ತಿತ್ತು, ದಿನಾ ಒಂದು ಹೊಸ ಹೊಲಿಗೆಯ ಲೆಕ್ಕ ಬರುತ್ತಿತ್ತು. ಐದನೆಯ ದಿನ ನಿಸರ್ಗ ಅಂಗಿ ಎತ್ತಲು ಒಲ್ಲೆ ಎಂದು ಅಡುಗೆಮನೆಗೆ ಓಡಿ ಬಂದಿತು.

ಭಾನುವಾರ ಸಂಜೆ ಗುಂಡಿನ ಸಾಮಾನು ಕಾಣಲಿಲ್ಲ. ಹುಡುಕಿದರೆ ಅಟ್ಟದ ಏಣಿಯ ಮೇಲಿನ ಗೂಟದಲ್ಲಿತ್ತು, ಮಗುವಿಗೂ ಆಶಾರಾಣಿಗೂ ಎಟುಕದ ಜಾಗ. ಅಷ್ಟೊಂದು ಉಸಿರು ಎಳೆಸಿ ಎಳೆಸಿ ಎಳೆ ಎದೆಯನ್ನು ಸಡಿಲ ಮಾಡುತ್ತಿದ್ದಾರೆ, ಅದಕ್ಕೇ ಎತ್ತಿಟ್ಟೆ ಎಂದ ಚನ್ನಪ್ಪ. ನಾಳೆಯ ಎಕ್ಸ್-ರೇಯೂ ಬೇಡ. ಏನೂ ಇಲ್ಲದ ಎದೆಗೆ ಎಂಥ ಎಕ್ಸ್-ರೇ. ನಾನು ಕೇಳಿ ನೋಡಿದ್ದೇನೆ, ಸದ್ದಿಲ್ಲ.

ಚಿಕ್ಕಲಕ್ಷ್ಮಮ್ಮ ಮಗನ ಕಡೆ ನೋಡಿದಳು. ಅವನು ಊಟದ ತಟ್ಟೆಯ ಮುಂದೆ ಕೂತಿದ್ದ.

"ಅಪ್ಪ ಬ್ಯಾಡ ಅಂತಾರಲ್ಲವ್ವ. ಇನ್ನೊಂದ್ ಹದಿನೈದು ದಿನ ನೋಡಿ ಓಗನ."

ಅವಳು ಅವನ ಮುಂದಿನ ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. 

ಮಾರನೆಯ ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಕಾಲು ತೊಳೆದುಕೊಂಡಳು. ಏಣಿ ಹತ್ತಿ ಗೂಟದಿಂದ ಗುಂಡಿನ ಸಾಮಾನು ಇಳಿಸಿದಳು. ಎರಡು ಸೀರೆ, ಮಗುವಿನ ಬಟ್ಟೆ, ಸ್ಕೂಲಿನ ಪುಸ್ತಕ ಒಂದು ಚೀಲಕ್ಕೆ ತುಂಬಿದಳು. ಹಾಸನದಲ್ಲಿ ಸಾಲಗಾಮೆ ರಸ್ತೆಯಲ್ಲಿ ಅವಳ ತಂಗಿಯ ಮನೆ ಇತ್ತು, ಒಂದು ಕೋಣೆ ಖಾಲಿ ಇದೆ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಂಡಿದ್ದಳು. ಸೊಸೆಯನ್ನು ಬಾ ಎಂದು ಕರೆಯಲಿಲ್ಲ. ಆಶಾರಾಣಿಯೇ ಡಾಕ್ಟರ ಚೀಟಿ, ಸ್ಕ್ಯಾನಿನ ಫಿಲಂ ಎದೆಗೆ ಅವುಚಿಕೊಂಡು ಚಪ್ಪಲಿ ಮೆಟ್ಟಿದಳು.

ಜಗಲಿಯ ಮೇಲೆ ಅವತ್ತಿನ ಜನ ಆಗಲೇ ಸೇರಿದ್ದರು. ಎಲ್ಲಿಗೆ ಹೊರಟೆ ಎಂದು ಚನ್ನಪ್ಪ ಕೇಳಿದ. ಎಕ್ಸ್-ರೇಗೆ ಎಂದಳು.

"ನಾನು ಬ್ಯಾಡ ಅಂದಿವ್ನಿ. ಈ ಮೆಟ್ಲು ಇಳುದ್ರೆ ಮತ್ತೆ ಹತ್ತಂಗಿಲ್ಲ, ತಿಳ್ಕ."

ಬೋರಪ್ಪ, ಹಾಗೆಲ್ಲ ಮಾತಾಡಬಾರದು ಚನ್ನಪ್ಪಣ್ಣ ಎಂದು ಹೇಳಿ, ಅತ್ತಿಗೆ ಏನು ಹೇಳುತ್ತಾಳೋ ಎಂದು ಆಸೆಯಿಂದ ಅವಳ ಬಾಯಿ ನೋಡಿದ. ಜಗಳ ನೋಡಲು ಬಂದ ಆ ಹತ್ತು ಮುಖಗಳನ್ನು ಚಿಕ್ಕಲಕ್ಷ್ಮಮ್ಮ ಒಂದು ಕಡೆಯಿಂದ ನೋಡಿಕೊಂಡು ಬಂದಳು. ಇವರ ಎದುರು ಖರ್ಚು ಮಾಡುವಂಥ ಒಂದು ಬೈಗುಳವೂ ಅವಳಿಗೆ ಸಿಗಲಿಲ್ಲ. ನಿಸರ್ಗಳ ಕೈ ಹಿಡಿದುಕೊಂಡಳು. ಮಗು ನೆಟ್ಟಗೆ ನಿಲ್ಲಲು ನೋಡಿತು, ಎಡ ಭುಜ ಇನ್ನೂ ಸ್ವಲ್ಪ ಕೆಳಗಿತ್ತು.

ಮೆಟ್ಟಿಲು ಇಳಿದರು. ರಸ್ತೆಯವರೆಗೆ ಅನಿಲ್ ಹಿಂದೆ ಹಿಂದೆಯೇ ಬಂದ. ಚೀಲ ತೆಗೆದುಕೊಳ್ಳಲು ಕೈ ಚಾಚಿದ, ಮನೆಯ ಕಡೆ ತಿರುಗಿ ನೋಡಿದ, ಕೈ ವಾಪಸ್ಸು ತೆಗೆದುಕೊಂಡ. ಬಸ್ಸು ಬಂತು. ಯಾವಾಗ ಬತ್ತೀಯವ್ವ ಎಂದು ಕೇಳಿದ. ಅವಳು ಮಗುವನ್ನು ಹತ್ತಿಸಿ, ಸೊಸೆಯನ್ನು ಹತ್ತಿಸಿ, ತಾನೂ ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಾಗ ಅವನು ಇನ್ನೂ ಅಲ್ಲೇ ನಿಂತಿದ್ದ.

ಆ ಸೋಮವಾರದ ಎಕ್ಸ್-ರೇ ಆಯಿತು. ತಿಂಗಳಿನದೂ ಆಯಿತು, ಮೂರು ತಿಂಗಳಿನದೂ ಆಯಿತು. ಅನಿಲ್ ಎರಡು ಸಲ ಚಿಕ್ಕಮ್ಮನ ಮನೆಗೆ ಬಂದು, ಅಪ್ಪ ಕರೆಯುತ್ತಿದ್ದಾರೆ ಎಂದು ಹೇಳಿ ಹೋದ. ಚಿಕ್ಕಲಕ್ಷ್ಮಮ್ಮ ಆ ಊರಿನ ಬಸ್ಸು ಮತ್ತೆ ಹತ್ತಲಿಲ್ಲ.